ಜೋಡಿಯಲ್ಲಿ ಯಾವಾಗಲೂ ಮೈನಸ್ ಕಣವೇ ಯಾಕೆ ಕಪ್ಪುಕುಳಿಗೆ ಬೀಳುತ್ತದೆ? ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದ್ದಾಳೆ

ಮುನಿರಾಬಾದ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಶನಿವಾರ ಬೆಳಗಿನ ಶಾಲೆ, ಕೊನೆಯ ಪಿರಿಯಡ್ಡು, ಪಾಠ ಮುಗಿದಿತ್ತು. ಸುಮ್ನೆ ಕೂರುವ ಬದಲು ಕಪ್ಪುಕುಳಿ (ಬ್ಲ್ಯಾಕ್ ಹೋಲ್, ಅಂಚು ದಾಟಿದರೆ ಬೆಳಕೂ ವಾಪಸ್ ಬರಲಾರದ್ದು) ಬಗ್ಗೆ ಹೇಳೋಣ ಅಂತ ಶುರು ಮಾಡಿದೆ. ಬೋರ್ಡಿನ ಮೇಲೆ ದೊಡ್ಡ ವೃತ್ತ ಬರೆದು ಅದರ ಅಂಚಿನಲ್ಲಿ ಎರಡು ಚುಕ್ಕಿ ಇಟ್ಟೆ. ಖಾಲಿ ಜಾಗದಲ್ಲಿ ವರ್ಚುವಲ್ ಕಣಗಳು ಜೋಡಿ ಜೋಡಿಯಾಗಿ ಹುಟ್ಟುತ್ತವೆ, ತಕ್ಷಣ ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಆದರೆ ಅಂಚಿನಲ್ಲಿ ಹುಟ್ಟಿದ ಜೋಡಿಯಲ್ಲಿ ಒಂದು ಒಳಗೆ ಬಿದ್ದರೆ ಇನ್ನೊಂದು ಪಾರಾಗಿ ಹೊರಗೆ ಬರುತ್ತದೆ, ಅದೇ ಹಾಕಿಂಗ್ ವಿಕಿರಣ, ಒಳಗೆ ಬಿದ್ದದ್ದು ಮೈನಸ್ ಶಕ್ತಿಯದು, ಅದಕ್ಕೇ ಕುಳಿ ಸವೆಯುತ್ತದೆ ಅಂತ ಹೇಳಿ ಮುಗಿಸಿದೆ.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ಅವರಪ್ಪನಿಗೆ ಸಂತೆಯಲ್ಲಿ ಕಾಳಿನ ವ್ಯಾಪಾರ, ಇವಳಿಗೆ ಲೆಕ್ಕ ಬಾಯಲ್ಲೇ ಬರುತ್ತದೆ. "ಸರ್, ಎರಡರಲ್ಲಿ ಯಾವುದು ಬೇಕಾದ್ರೂ ಬೀಳಬಹುದಲ್ವಾ? ಅರ್ಧ ಸಲ ಪ್ಲಸ್ಸು, ಅರ್ಧ ಸಲ ಮೈನಸ್ಸು. ಕೊನೆಗೆ ಕುಳಿ ಇದ್ದಷ್ಟೇ ಇರಬೇಕಲ್ವಾ?"

ಪುಣ್ಯಕ್ಕೆ ಬೆಲ್ ಹೊಡೆಯಿತು. ಸೋಮವಾರ ಹೇಳುತ್ತೇನೆ ಅಂದಿದ್ದೇನೆ. ಇವತ್ತು ಭಾನುವಾರ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬಳ್ಳಾರಿ ಬಿಸಿಲು

ಸಿಂಪಲ್ ಸರ್. ಜೋಡಿಯಲ್ಲಿ ಒಂದು ಮ್ಯಾಟರ್, ಇನ್ನೊಂದು ಆಂಟಿಮ್ಯಾಟರ್. ಆಂಟಿಮ್ಯಾಟರ್ ಒಳಗೆ ಬಿದ್ದು ಕುಳಿಯೊಳಗಿನ ಮ್ಯಾಟರನ್ನು ಸುಡುತ್ತದೆ, ಅದಕ್ಕೆ ತೂಕ ಇಳಿಯುತ್ತದೆ. ವಿಡಿಯೋದಲ್ಲಿ ನೋಡಿದ್ದೆ.

ಶಕ್ತಿನಗರ ನೈಟ್ ಶಿಫ್ಟು

ಬಿಸಿಲಣ್ಣಾ, ಇದು ಆಗುವ ಮಾತಲ್ಲ. ಆಂಟಿಮ್ಯಾಟರ್‌ಗೂ ತೂಕ ಪ್ಲಸ್ಸೇ. ಒಳಗೆ ಬಿದ್ದು ಏನನ್ನಾದರೂ ಸುಟ್ಟರೂ ಹುಟ್ಟಿದ ಬೆಳಕು ಒಳಗೇ ಇರುತ್ತದೆ, ಆ ಶಕ್ತಿಗೂ ತೂಕ ಇದೆ. ಆಂಟಿಮ್ಯಾಟರ್ ಹಾಕಿದರೂ ಕುಳಿ ದಪ್ಪ ಆಗುತ್ತದೆ. ಮತ್ತೆ, ಆಂಟಿಮ್ಯಾಟರೇ ಯಾಕೆ ಬೀಳಬೇಕು? ಹುಡುಗಿಯ ಪ್ರಶ್ನೆ ಹಂಗೇ ಉಳಿಯಿತಲ್ಲ.

ಒಗ್ಗರಣೆ ಮಿರ್ಚಿ

ಭಾನುವಾರ ಬೆಳಿಗ್ಗೆ ನಾಷ್ಟಾ ಬಿಟ್ಟು ಇದೆಂಥ ಮಾತುಕತೆ ಮಾರಾಯ್ರೇ. ಇರಲಿ, ನಾನೂ ಕೂತೆ. ಮುಂದೆ ಹೇಳಿ.

ಎಡದಂಡೆ

ನಾನು ಸಿಂಧನೂರಿನವಳು, ಈಗ ರಾಯಚೂರಿನಲ್ಲಿ ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತೇನೆ. ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ. ಎಷ್ಟೋ ಎಂಎಸ್ಸಿ ಮಕ್ಕಳು ಈ ಚಿತ್ರ ನೋಡಿ ತಲೆ ಆಡಿಸಿ ಮುಂದೆ ಹೋಗುತ್ತಾರೆ.

ಚಿತ್ರವನ್ನು ಹಾಗೇ ಒಪ್ಪಿಕೊಂಡು ಮೊದಲ ಉತ್ತರ ಹೇಳುತ್ತೇನೆ. ಪ್ಲಸ್ಸು ಮೈನಸ್ಸು ಅನ್ನುವುದು ಕಣಕ್ಕೆ ಹುಟ್ಟಿನಿಂದ ಅಂಟಿದ ಚೀಟಿ ಅಲ್ಲ. ಅದು ದೂರದಲ್ಲಿ ನಿಂತವರ ಲೆಕ್ಕ. ರಾಟೆಗೆ ಹಗ್ಗ ಹಾಕಿ ಕೊಡ ಇಳಿಸುತ್ತೀರಿ ಅಂತ ಇಟ್ಟುಕೊಳ್ಳಿ, ಬಾವಿ ಬದಲು ಕೆಳಗೆ ಕಪ್ಪುಕುಳಿ. ಕೊಡ ಇಳಿಯುತ್ತಾ ಹಗ್ಗ ಎಳೆಯುತ್ತದೆ, ಆ ಎಳೆತದಿಂದ ನೀವು ಕೆಲಸ ಮಾಡಿಸಿಕೊಳ್ಳಬಹುದು, ಅಂದರೆ ಕೊಡದ ಶಕ್ತಿ ನಿಮ್ಮ ಕೈಗೆ ಬರುತ್ತಿದೆ. ಕುಳಿಯ ಅಂಚು ಮುಟ್ಟುವ ಹೊತ್ತಿಗೆ ಅದರ ತೂಕದಲ್ಲಿ ಅಡಗಿದ್ದ ಅಷ್ಟೂ ಶಕ್ತಿ ಮೇಲೆ ಬಂದುಬಿಟ್ಟಿರುತ್ತದೆ. ದೂರದವರ ಲೆಕ್ಕದಲ್ಲಿ ಕೊಡದ ಬೆಲೆ ಸೊನ್ನೆ. ಆ ಅಂಚಿನಿಂದ ಒಳಗೆ, ಅದೇ ಲೆಕ್ಕದಲ್ಲಿ, ಸೊನ್ನೆಗಿಂತ ಕೆಳಗೂ ಇಳಿಯಲು ಜಾಗ ಇದೆ. ಹೊರಗೆ ಅಂಥ ಜಾಗ ಇಲ್ಲ.

ಹಾಗಾಗಿ ಅರ್ಧ ಅರ್ಧ ಅಲ್ಲ. ಪ್ಲಸ್ ಒಳಗೆ ಬಿದ್ದು ಮೈನಸ್ ಹೊರಗೆ ಉಳಿಯುವ ಸಾಧ್ಯತೆಯೇ ಇಲ್ಲ, ಯಾಕಂದರೆ ಹೊರಗಿನ ಜಗತ್ತಿನಲ್ಲಿ ಮೈನಸ್ ಶಕ್ತಿಯ ನಿಜವಾದ ಕಣ ಬದುಕಲಾರದು. ಒಂದು ಹೊರಗೆ ದೂರ ಹೋಗಿ ಯಾರದೋ ದೂರದರ್ಶಕಕ್ಕೆ ಸಿಕ್ಕಿತು ಅಂದರೆ ಅದು ಪ್ಲಸ್ಸೇ. ಇನ್ನೊಂದು ಮೈನಸ್ಸೇ ಆಗಬೇಕು. ಯಾರು ಬೀಳುತ್ತಾರೆ ಅಂತ ಯಾರೂ ಆರಿಸುತ್ತಿಲ್ಲ.

ಮುನಿರಾಬಾದ್ ಮೇಷ್ಟ್ರು

ಮೇಡಂ, ಕೊಡದ ಮಾತು ಮಕ್ಕಳಿಗೆ ಖಂಡಿತ ತಿಳಿಯುತ್ತದೆ. ಆದರೆ "ಚಿತ್ರವನ್ನು ಹಾಗೇ ಒಪ್ಪಿಕೊಂಡು" ಅಂದಿರಲ್ಲ. ಚಿತ್ರವೇ ಸರಿಯಿಲ್ಲ ಅಂತಲಾ?

ಎಡದಂಡೆ

ಹೂಂ. ಅದಕ್ಕೇ ಬಂದೆ. ಊಟ ಮುಗಿಸಿ ಬರೆಯುತ್ತೇನೆ, ಉದ್ದ ಆಗುತ್ತದೆ.

ಬಳ್ಳಾರಿ ಬಿಸಿಲು

ಹಾಕಿಂಗ್ ಹೇಳಿದ್ದೇ ತಪ್ಪಾ ಹಾಗಾದ್ರೆ? ಅವರ ಪುಸ್ತಕದಲ್ಲೇ ಇದೇ ಚಿತ್ರ ಇದೆ.

ಎಡದಂಡೆ

ಬಂದೆ. ಬಿಸಿಲು ತಮ್ಮಾ, ಹಾಕಿಂಗ್ ಇದನ್ನು ಎರಡು ಕಡೆ ಎರಡು ಥರ ಹೇಳಿದ್ದಾರೆ. 1974ರಲ್ಲಿ ಚಿಕ್ಕ ಲೇಖನ, 1975ರಲ್ಲಿ ದೊಡ್ಡ ಲೇಖನ. ದೊಡ್ಡದರಲ್ಲಿ ಜೋಡಿ ಕಣದ ಮಾತು ಬರುತ್ತದೆ, ಅಲ್ಲೇ ಅವರು ಇದು ಊಹೆಗೆ ನೆರವಾಗುವ ಚಿತ್ರ ಮಾತ್ರ, ಅಕ್ಷರಶಃ ತಗೊಳ್ಳಬೇಡಿ ಅಂತಲೂ ಬರೆದಿದ್ದಾರೆ. ಅವರ ಲೆಕ್ಕದಲ್ಲಿ ಜೋಡಿ ಹುಟ್ಟುವುದೂ ಇಲ್ಲ, ಒಂದು ಬೀಳುವುದೂ ಇಲ್ಲ. 1988ರ ಜನಪ್ರಿಯ ಪುಸ್ತಕದಲ್ಲಿ ಚಿತ್ರ ಮುಂದೆ ಬಂತು, ಎಚ್ಚರಿಕೆ ಹಿಂದೆ ಉಳಿಯಿತು. ಆಮೇಲೆ ವಿಡಿಯೋದವರು ಎಲ್ಲಾ ಅದನ್ನೇ ಹಿಡಿದರು.

ಈಗ ವರ್ಚುವಲ್ ಕಣ. ಒಂದನೇ ಕ್ಲಾಸಿನಲ್ಲಿ ಕೂಡಿಸುವ ಲೆಕ್ಕ ಕಲಿತದ್ದು ನೆನಪಿದೆಯಾ? 27ಕ್ಕೆ 35 ಕೂಡಿಸು. ಏಳೂ ಐದೂ ಹನ್ನೆರಡು, ಎರಡು ಬರಿ, ದಶಕ ಒಂದು. ಆ ದಶಕವನ್ನು ಮೇಲೆ ಸಣ್ಣದಾಗಿ ಬರೆದುಕೊಳ್ಳುತ್ತಿದ್ದೆವು. ಉತ್ತರ 62 ನಿಜ. ದಶಕ ಇಲ್ಲದೆ ಆ ಉತ್ತರ ಬರುವುದಿಲ್ಲ. ಹಾಗಂತ ದಶಕದ ಒಂದು ರೂಪಾಯಿ ಯಾರ ಜೇಬಿನಲ್ಲೂ ಇಲ್ಲ. ಬೇರೆ ದಾರಿಯಲ್ಲಿ ಕೂಡಿಸಿದರೆ, 27ಕ್ಕೆ ಮೊದಲು 3 ಸೇರಿಸಿ 30 ಮಾಡಿ ಆಮೇಲೆ 32, ಆಗ ದಶಕವೇ ಬರುವುದಿಲ್ಲ. ವರ್ಚುವಲ್ ಕಣ ಈ ದಶಕದ ಜಾತಿಯದು. ಎರಡು ಎಲೆಕ್ಟ್ರಾನ್ ಒಂದನ್ನೊಂದು ಹೇಗೆ ತಳ್ಳುತ್ತವೆ ಅಂತ ಲೆಕ್ಕ ಮಾಡುವಾಗ ಫೈನ್‌ಮನ್ ಚಿತ್ರಗಳಲ್ಲಿ (ಕಣಗಳ ಲೆಕ್ಕಕ್ಕೆ ಬರೆದುಕೊಳ್ಳುವ ಗೆರೆಚಿತ್ರಗಳು) ನಡುವೆ ಬರುವ ಗೆರೆ ಅದು. ಉತ್ತರ ನಿಜ. ಗೆರೆಯನ್ನು ಕಣ ಅಂತ ಕರೆದದ್ದರಿಂದ ತಕರಾರು ಶುರುವಾಯಿತು.

ಕ್ವಾಂಟಂ ಏರಿಳಿತ ಅನ್ನುವ ಮಾತಿನದ್ದೂ ಇದೇ ಪಾಡು. ಏರಿಳಿತ ಅಂದ ಕೂಡಲೇ ಬಾಣಲೆಯಲ್ಲಿ ಎಣ್ಣೆ ಕುದಿಯುವ ಚಿತ್ರ ಬರುತ್ತದೆ. ನಿರ್ವಾತ ಹಾಗೆ ಕುದಿಯುತ್ತಿಲ್ಲ. ಅದು ಕ್ಷೇತ್ರದ (ಜಾಗದ ತುಂಬಾ ಹರಡಿರುವ, ಬೆಳಕಿನಂಥ ಅಲೆಗಳು ಏಳುವ ಫೀಲ್ಡ್) ಅತಿ ಶಾಂತ ಸ್ಥಿತಿ, ಹೊತ್ತು ಕಳೆದರೂ ಬದಲಾಗದ ಸ್ಥಿತಿ. ಆದರೆ ಅಲ್ಲಿ ಕ್ಷೇತ್ರದ ಬೆಲೆ ಅಳೆದರೆ ಪ್ರತಿ ಸಲ ಸೊನ್ನೆ ಬರುವುದಿಲ್ಲ, ಒಮ್ಮೆ ಸ್ವಲ್ಪ ಜಾಸ್ತಿ, ಒಮ್ಮೆ ಸ್ವಲ್ಪ ಕಡಿಮೆ. ಆ ಹರವಿಗೆ ಏರಿಳಿತ ಅನ್ನುತ್ತೇವೆ. "ಪ್ರಕೃತಿಯಿಂದ ಶಕ್ತಿ ಸಾಲ ತಗೊಂಡು ಬೇಗ ತೀರಿಸುತ್ತದೆ" ಅನ್ನುವ ಮಾತೂ ಕೇಳಿರುತ್ತೀರಿ. ಅಲ್ಲಿ ಸಾಲವೂ ಇಲ್ಲ, ಬಡ್ಡಿಯೂ ಇಲ್ಲ. ಲೆಕ್ಕದ ಪ್ರತಿ ಹಂತದಲ್ಲೂ ಶಕ್ತಿ ಸರಿಯಾಗಿ ಉಳಿಯುತ್ತದೆ.

ಬಳ್ಳಾರಿ ಬಿಸಿಲು

ಅಕ್ಕಾ, ಒಪ್ಪಲ್ಲ. ಕ್ಯಾಸಿಮಿರ್ ಪರಿಣಾಮ? ಎರಡು ಲೋಹದ ತಗಡನ್ನು ಹತ್ತಿರ ಇಟ್ಟರೆ ತಾವೇ ಸೆಳೆದುಕೊಳ್ಳುತ್ತವೆ, ನಡುವೆ ವರ್ಚುವಲ್ ಕಣ ಕಡಿಮೆ, ಹೊರಗೆ ಜಾಸ್ತಿ ಅಂತ. ಅಳೆದೂ ನೋಡಿದ್ದಾರೆ.

ಎಡದಂಡೆ

ಒಳ್ಳೆ ಪ್ರಶ್ನೆ. ಕ್ಯಾಸಿಮಿರ್ 1948ರಲ್ಲಿ ಹೇಳಿದರು, 1997ರಲ್ಲಿ ಲಾಮೊರೊ ಚೆನ್ನಾಗಿ ಅಳೆದರು. ಬಲ ನಿಜ. ಆದರೆ ಅದೇ ಬಲವನ್ನು ತಗಡಿನೊಳಗಿನ ಎಲೆಕ್ಟ್ರಾನುಗಳು ಒಂದರ ಮೇಲೊಂದು ಹಾಕುವ ಪ್ರಭಾವ ಅಂತಲೇ ಲೆಕ್ಕ ಮಾಡಬಹುದು, ಖಾಲಿ ಜಾಗದ ಶಕ್ತಿಯ ಮಾತು ಎತ್ತದೆಯೇ. 2005ರಲ್ಲಿ ಜಾಫೆ ಅನ್ನುವವರು ಇದನ್ನು ಸ್ಪಷ್ಟವಾಗಿ ತೋರಿಸಿದರು. ಹೈಡ್ರೋಜನ್‌ನಲ್ಲಿ 1947ರಲ್ಲಿ ಸಿಕ್ಕ ಲ್ಯಾಂಬ್ ಶಿಫ್ಟ್, ಅಂದರೆ ಎಲೆಕ್ಟ್ರಾನಿನ ಎರಡು ಶಕ್ತಿ ಮಟ್ಟಗಳ ನಡುವಿನ ಪುಟ್ಟ ವ್ಯತ್ಯಾಸ, ಕೂಡ ಹಾಗೇ. ಸುಮಾರು 1057 ಮೆಗಾಹರ್ಟ್ಸ್‌ನ ವ್ಯತ್ಯಾಸ ನಿಜ, ಅದನ್ನು ವಿವರಿಸಲು ಕ್ವಾಂಟಂ ಕ್ಷೇತ್ರ ಬೇಕೇ ಬೇಕು. ಪುಟ್ಟ ಗುಂಡುಗಳು ಮಿಣುಕುತ್ತಿವೆ ಅನ್ನುವುದು ಮಾತ್ರ ನಮ್ಮ ಸೇರ್ಪಡೆ.

ಒಗ್ಗರಣೆ ಮಿರ್ಚಿ

ಕಣನೂ ಇಲ್ಲ, ಜೋಡಿನೂ ಇಲ್ಲ, ಸಾಲನೂ ಇಲ್ಲ. ಮತ್ತೆ ಹೊರಗೆ ಬರೋದು ಏನು, ಎಲ್ಲಿಂದ? ಎಲ್ಲಾ ಕಿತ್ತು ಹಾಕಿದ್ರಿ, ಏನಾದರೂ ಇಡ್ರಿ ಮೇಡಂ.

ಎಡದಂಡೆ

ಇಡುತ್ತೇನೆ ಇಡುತ್ತೇನೆ.

ಹಾಕಿಂಗ್ ಕೇಳಿಕೊಂಡ ಪ್ರಶ್ನೆ ಇದು. ನಕ್ಷತ್ರ ಕುಸಿಯುವ ಮೊದಲು ಸುತ್ತಲಿನ ಜಾಗ ಖಾಲಿ, ಅಂದರೆ ಕ್ಷೇತ್ರ ಶಾಂತವಾಗಿದೆ. ಕುಸಿದು ಕುಳಿಯಾಗಿ ಬಹಳ ಹೊತ್ತಾದ ಮೇಲೆ, ದೂರದಲ್ಲಿ ನಿಂತವರು ಅದೇ ಕ್ಷೇತ್ರವನ್ನು ನೋಡಿದರೆ ಶಾಂತವಾಗಿ ಕಾಣುತ್ತದಾ? ಉತ್ತರ, ಇಲ್ಲ. ಎರಡೂ ಕಾಲದ ಖಾಲಿ ಒಂದೇ ಅಲ್ಲ.

ಯಾಕೆ ಅಂದರೆ ಅಲೆಗಳು ಹಿಗ್ಗುತ್ತವೆ. ಗುಂತಕಲ್ ಕಡೆಗೆ ಹೋಗುವ ರೈಲಿನ ಹಾರ್ನ್ ನೆನೆಸಿಕೊಳ್ಳಿ, ನಮ್ಮನ್ನು ದಾಟಿ ದೂರ ಹೋಗುವಾಗ ಸ್ವರ ಇಳಿಯುತ್ತದೆ. ರೈಲಿನದ್ದು ಒಮ್ಮೆ ಇಳಿದು ಅಲ್ಲೇ ನಿಲ್ಲುತ್ತದೆ. ಕುಳಿಯ ಅಂಚಿನಿಂದ ಹೇಗೋ ತಪ್ಪಿಸಿಕೊಂಡು ಬರುವ ಅಲೆಯದ್ದು ಇಳಿಯುತ್ತಲೇ ಇರುತ್ತದೆ. ತಡವಾಗಿ ಹೊರಟಷ್ಟೂ ಜಾಸ್ತಿ ಹಿಗ್ಗು. ಸೂರ್ಯನಷ್ಟು ತೂಕದ ಕುಳಿಯಲ್ಲಿ ಈ ಹಿಗ್ಗು ಸುಮಾರು 14 ಮೈಕ್ರೋಸೆಕೆಂಡಿಗೊಮ್ಮೆ ದುಪ್ಪಟ್ಟಾಗುತ್ತದೆ. ದುಪ್ಪಟ್ಟು, ಅದರ ದುಪ್ಪಟ್ಟು, ಹೀಗೇ. ಇಷ್ಟು ಎಳೆದಾಡಿದ ಮೇಲೆ, ಮೊದಲು ಬರೀ ಶಾಂತಿಯಾಗಿದ್ದದ್ದು ದೂರದವರಿಗೆ ಶಾಂತಿ ಮತ್ತು ಸದ್ದಿನ ಬೆರಕೆಯಾಗಿ ತಲುಪುತ್ತದೆ. ಆ ಬೆರಕೆ ಎಷ್ಟು ಅಂತ ಲೆಕ್ಕ ಹಾಕಿದರೆ ಬಿಸಿ ವಸ್ತುವಿನಿಂದ ಬರುವ ಬೆಳಕಿನ ಅಳತೆಯೇ ಬರುತ್ತದೆ. ದುಪ್ಪಟ್ಟಾಗುವ ವೇಗವೇ ಬಿಸಿ ಎಷ್ಟು ಅಂತ ತೀರ್ಮಾನಿಸುತ್ತದೆ. ದೊಡ್ಡ ಕುಳಿಯಲ್ಲಿ ಹಿಗ್ಗು ನಿಧಾನ, ಹಾಗಾಗಿ ತಂಪು. ಸಣ್ಣದು ಬಿಸಿ.

ಇಬ್ಬರಿಗೆ ಖಾಲಿ ಒಂದೇ ಅಲ್ಲ ಅನ್ನುವುದು ವಿಚಿತ್ರ ಅನಿಸಿದರೆ, ಕಪ್ಪುಕುಳಿ ಇಲ್ಲದೆಯೂ ಅದು ಆಗುತ್ತದೆ. 1976ರಲ್ಲಿ ಅನ್ರು ಅನ್ನುವ ಭೌತವಿಜ್ಞಾನಿ ತೋರಿಸಿದ್ದು ಅದೇ: ಜೋರಾಗಿ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುವವನಿಗೆ ಖಾಲಿ ಜಾಗವೇ ಬೆಚ್ಚಗೆ ಅನಿಸುತ್ತದೆ. ಒಂದೇ ಒಂದು ಕೆಲ್ವಿನ್ ಬೆಚ್ಚಗಾಗಲು ಭೂಮಿಯ ಗುರುತ್ವದ 25ರ ಮುಂದೆ 18 ಸೊನ್ನೆ ಪಟ್ಟು ವೇಗೋತ್ಕರ್ಷ ಬೇಕು. ನಮ್ಮ ಕಡೆ ಬಸ್ಸಿನಲ್ಲಿ ಕೂತವರಿಗೆ ಆ ಚಿಂತೆ ಬೇಡ.

ಶಕ್ತಿನಗರ ನೈಟ್ ಶಿಫ್ಟು

ಎರಡು ಸಲ ಓದಿದೆ. ಒಂದು ಅನುಮಾನ. ಬೆಳಕು ಹುಟ್ಟುವುದು ಸರಿಯಾಗಿ ಅಂಚಿನಲ್ಲೇ ತಾನೇ? ಅಲ್ಲಿಗೆ ಜೋಡಿ ಚಿತ್ರ ಪೂರ್ತಿ ತಪ್ಪಲ್ಲ.

ಎಡದಂಡೆ

ಅಂಚಿನಲ್ಲೇ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಮಜಾ ಇರುವುದೇ ಅಲ್ಲಿ. ಸೂರ್ಯನಷ್ಟು ತೂಕದ ಕುಳಿಯ ತ್ರಿಜ್ಯ ಸುಮಾರು 3 ಕಿಲೋಮೀಟರ್. ಅದರ ಬಿಸಿ ಒಂದು ಕೆಲ್ವಿನ್‌ನ 1.6 ಕೋಟಿಯಲ್ಲಿ ಒಂದು ಪಾಲು. ಆ ಬಿಸಿಯ ಬೆಳಕಿನ ಅಲೆ ಎಷ್ಟು ಉದ್ದ ಅಂತ ಲೆಕ್ಕ ಹಾಕಿ, ಸುಮಾರು 47 ಕಿಲೋಮೀಟರ್ ಬರುತ್ತದೆ. ಹೆಚ್ಚುಕಡಿಮೆ ಕೊಪ್ಪಳದಿಂದ ಗಂಗಾವತಿಯಷ್ಟು. ಕುಳಿಗಿಂತ ಅಲೆಯೇ ಎಷ್ಟೋ ದೊಡ್ಡದು! ಬೋರ್ಡಿನ ಮೇಲೆ ಚುಕ್ಕಿ ಇಡುತ್ತೀವಲ್ಲ ಮೇಷ್ಟ್ರೇ, ಅಳತೆ ಪ್ರಕಾರ ಬರೆದರೆ ಆ ಚುಕ್ಕಿ ಇಡೀ ಬೋರ್ಡು ದಾಟಿ ಗೋಡೆಗೆ ಹೋಗುತ್ತದೆ. ವಿಕಿರಣ ಹುಟ್ಟುವುದು ಅಂಚಿಗೆ ಅಂಟಿಕೊಂಡ ತೆಳು ಪದರದಲ್ಲಲ್ಲ, ಕುಳಿಯ ಸುತ್ತಲಿನ ದೊಡ್ಡ ಜಾಗದಲ್ಲಿ ಅನ್ನುವುದಕ್ಕೆ ಒಳ್ಳೆಯ ಕಾರಣಗಳಿವೆ.

ಆದರೂ ನೈಟ್ ಶಿಫ್ಟು ಅವರೇ, ನೀವು ಹೇಳಿದ್ದರಲ್ಲಿ ಸತ್ಯ ಇದೆ. ಲೆಕ್ಕದಲ್ಲಿ ಹೊರಗೆ ಬರುವ ಪ್ರತಿ ಅಲೆಗೂ ಒಳಗೆ ಒಂದು ಜೊತೆಗಾರ ಅಲೆ ಇದೆ, ಎರಡಕ್ಕೂ ನಂಟಿದೆ. ಒಳಗೆ ಹರಿಯುವ ಶಕ್ತಿ ಮೈನಸ್ಸೇ, ಅದರಿಂದಲೇ ಕುಳಿ ಸವೆಯುತ್ತದೆ. ಜೋಡಿ ಅನ್ನುವ ಮಾತು ಇಲ್ಲಿಂದ ಬಂದದ್ದು. 2000ದಲ್ಲಿ ಪಾರಿಖ್ ಮತ್ತು ವಿಲ್ಚೆಕ್ ಅಂಚಿನ ಮೂಲಕ ಕಣ ಸುರಂಗ ಕೊರೆದಂತೆ ಪಾರಾಗುತ್ತದೆ ಅಂತಲೂ ಲೆಕ್ಕ ಮಾಡಿ ಅದೇ ಬಿಸಿಯನ್ನು ಪಡೆದಿದ್ದಾರೆ. 62 ಒಂದೇ, ಕೂಡಿಸುವ ದಾರಿ ಬೇರೆ.

ಆನೆಗುಂದಿ ಹರಗೋಲು

ನಾನು ಓದಿದ್ದು ಕಡಿಮೆ, ತಪ್ಪಿದ್ದರೆ ಬೈಯಬೇಡಿ. ನಮ್ಮಪ್ಪ ತುಂಗಭದ್ರೆಯಲ್ಲಿ ಹರಗೋಲು ಹಾಕುತ್ತಿದ್ದರು. ನೀರು ಕಡಿಮೆ ಇದ್ದಾಗ ಹುಟ್ಟು ಹಾಕಿ ಮೇಲಕ್ಕೂ ಹೋಗಬಹುದು. ಡ್ಯಾಮಿನ ಗೇಟು ಎತ್ತಿದಾಗ ಒಂದು ಜಾಗ ದಾಟಿದರೆ ಎಷ್ಟೇ ಹುಟ್ಟು ಹಾಕಿದರೂ ವಾಪಸ್ ಬರಲು ಆಗಲ್ಲ, ಅಲ್ಲಿ ನೀರಿನ ವೇಗವೇ ನಮ್ಮ ವೇಗಕ್ಕಿಂತ ಜಾಸ್ತಿ. ಕಪ್ಪುಕುಳಿಯ ಅಂಚು ಅಂದರೆ ಹೀಗೇನಾ?

ಎಡದಂಡೆ

ಅಣ್ಣಾ, ಬೈಯುವುದಾ? ಅನ್ರು 1981ರಲ್ಲಿ ಬರೆದದ್ದು ಇದನ್ನೇ! ದ್ರವ ಒಂದು ಜಾಗದಲ್ಲಿ ಶಬ್ದಕ್ಕಿಂತ ವೇಗವಾಗಿ ಹರಿದರೆ, ಅಲ್ಲಿಂದ ಶಬ್ದ ಹಿಂದಕ್ಕೆ ಬರಲಾರದು. ಬೆಳಕಿನ ಬದಲು ಶಬ್ದಕ್ಕೆ ಕಪ್ಪುಕುಳಿ. ಹಾಕಿಂಗ್ ಲೆಕ್ಕ ಇಲ್ಲಿಗೂ ಹಾಗೇ ಕೂರುತ್ತದೆ. ಇಸ್ರೇಲಿನ ಸ್ಟೈನ್‌ಹವರ್ ತಂಡ ರುಬಿಡಿಯಂ ಪರಮಾಣುಗಳನ್ನು ಸೊನ್ನೆ ಕೆಲ್ವಿನ್‌ಗೆ ತೀರಾ ಹತ್ತಿರ ತಂಪು ಮಾಡಿ ಹೀಗೆ ಹರಿಸಿತು. 2016ರಲ್ಲಿ ಒಳಗಿನ ಹೊರಗಿನ ಶಬ್ದದ ಅಲೆಗಳ ನಡುವಿನ ನಂಟನ್ನು ಕಂಡೆವು ಅಂತ ಪ್ರಕಟಿಸಿದರು, 2019ರಲ್ಲಿ ಬಿಸಿಯೂ ಲೆಕ್ಕಕ್ಕೆ ಹೊಂದುತ್ತದೆ ಅಂದರು. ಇನ್ನೊಂದು ತಂಡ ಕೆನಡಾದ ವ್ಯಾಂಕೂವರ್‌ನಲ್ಲಿ ನೀರಿನ ಕಾಲುವೆಯಲ್ಲೇ ಅಲೆ ಎಬ್ಬಿಸಿ ನೋಡಿ 2011ರಲ್ಲಿ ಪ್ರಕಟಿಸಿತು. ನಮ್ಮ ಎಡದಂಡೆ ಕಾಲುವೆ ಏನು ಕಡಿಮೆ ಅಂತ ನನಗೆ ಆಗಾಗ ಅನಿಸುತ್ತದೆ.

ಒಗ್ಗರಣೆ ಮಿರ್ಚಿ

ಕಾಲುವೆ ಕೊನೆಗೆ ನೀರು ಬಂದ ಮೇಲೆ ಪ್ರಯೋಗ ಮಾಡೋಣ.

ಸರಿ, ನನ್ನದೂ ಒಂದು ನೇರ ಪ್ರಶ್ನೆ. ಆಕಾಶದ ನಿಜವಾದ ಕಪ್ಪುಕುಳಿಯಿಂದ ಈ ಬೆಳಕನ್ನು ಯಾರಾದರೂ ನೋಡಿದ್ದಾರಾ?

ಎಡದಂಡೆ

ಇಲ್ಲ. ಒಬ್ಬರೂ ಇಲ್ಲ. ಅದಕ್ಕೇ ಹಾಕಿಂಗ್ ಅವರಿಗೆ ನೊಬೆಲ್ ಬರಲಿಲ್ಲ ಅಂತ ಹೇಳುವವರು ಬಹಳ. 2018ರಲ್ಲಿ ತೀರಿಕೊಂಡರು. ಪರಮಾಣುಗಳ ಪ್ರಯೋಗ ಗಣಿತಕ್ಕೆ ಬಲ ಕೊಡುತ್ತದೆ, ಗುರುತ್ವದಲ್ಲೂ ಹೀಗೇ ಆಗುತ್ತದೆ ಅಂತ ಅದೊಂದರಿಂದಲೇ ಹೇಳಲು ಬರುವುದಿಲ್ಲ.

ಶಕ್ತಿನಗರ ನೈಟ್ ಶಿಫ್ಟು

ರಾತ್ರಿ ಶಿಫ್ಟಿನಲ್ಲಿ ಕೂತು ಒಂದು ಲೆಕ್ಕ ಹಾಕಿದೆ, ನೋಡಿ. ಸೂರ್ಯನಷ್ಟು ತೂಕದ ಕುಳಿ ಹೊರಗೆ ಬಿಡುವ ಪವರ್ ಎಷ್ಟು ಗೊತ್ತಾ? ದಶಮಾಂಶ ಚುಕ್ಕಿ ಹಾಕಿ 28 ಸೊನ್ನೆ ಬರೆದು ಆಮೇಲೆ ಒಂಬತ್ತು, ಅಷ್ಟು ವ್ಯಾಟ್. ಪೂರ್ತಿ ಸವೆಯಲು 2ರ ಮುಂದೆ 67 ಸೊನ್ನೆ ವರ್ಷ.

ಆಮೇಲೆ ಉಲ್ಟಾ ಲೆಕ್ಕ. ನಮ್ಮ ರಾಯಚೂರು ಥರ್ಮಲ್‌ನ ಎಂಟು ಯೂನಿಟ್ ಸೇರಿ 1720 ಮೆಗಾವ್ಯಾಟ್. ಅಷ್ಟು ಪವರ್ ಬಿಡುವ ಕುಳಿ ಎಷ್ಟು ತೂಕ ಇರಬೇಕು? ಸೂತ್ರ ಹಾಕಿದರೆ ಸುಮಾರು 45 ಕೋಟಿ ಟನ್. ಗಾತ್ರ ಪ್ರೋಟಾನಿಗಿಂತ ಚಿಕ್ಕದು! ಬಿಸಿ 27,000 ಕೋಟಿ ಕೆಲ್ವಿನ್. ಕಲ್ಲಿದ್ದಲು ಬೇಡ, ಬೂದಿ ಇಲ್ಲ. ಎಲ್ಲಿ ಸಿಗುತ್ತದೆ ಹೇಳಿ, ಮೇಲಿನವರಿಗೆ ಒಂದು ಅರ್ಜಿ ಬರೆಯುತ್ತೇನೆ.

ಎಡದಂಡೆ

ಲೆಕ್ಕ ಚೆನ್ನಾಗಿದೆ, ಒಂದು ತಿದ್ದುಪಡಿ. ನೀವು ಹಾಕಿದ ಸೂತ್ರ ಬರೀ ಬೆಳಕು ಬಿಡುವ ಕಪ್ಪು ಗುಂಡಿನದು. ಅಷ್ಟು ಬಿಸಿಯಲ್ಲಿ ಎಲೆಕ್ಟ್ರಾನು, ಅದರ ಆಂಟಿಮ್ಯಾಟರ್ ಜೋಡಿಯಾದ ಪಾಸಿಟ್ರಾನು, ನ್ಯೂಟ್ರಿನೊ ಎಲ್ಲಾ ಹೊರಡುತ್ತವೆ, ಹಾಗಾಗಿ ನಿಜವಾದ ಪವರ್ ಇನ್ನೂ ಎಷ್ಟೋ ಪಟ್ಟು ಜಾಸ್ತಿ. 1720 ಮೆಗಾವ್ಯಾಟಿಗೆ ಇನ್ನೂ ಭಾರದ, ಅಂದರೆ ಇನ್ನೂ ತಂಪಾದ ಕುಳಿಯೇ ಸಾಕು. ಬಿಸಿಲು ತಮ್ಮನಿಗೂ ಇಲ್ಲೇ ಉತ್ತರ ಇದೆ: ಎಲೆಕ್ಟ್ರಾನು ಎಷ್ಟು ಬರುತ್ತದೋ ಪಾಸಿಟ್ರಾನೂ ಅಷ್ಟೇ ಬರುತ್ತದೆ. ಆಂಟಿಮ್ಯಾಟರ್ ಒಳಗೆ, ಮ್ಯಾಟರ್ ಹೊರಗೆ ಅಂತ ಬೇಧ ಇಲ್ಲ. ಬೆಳಕಿನ ಕಣಕ್ಕಂತೂ ಅದೇ ಅದರ ಪ್ರತಿಕಣ.

ಎಲ್ಲಿ ಸಿಗುತ್ತದೆ ಅಂದಿರಿ. ಬ್ರಹ್ಮಾಂಡ ಹುಟ್ಟಿದ ಹೊತ್ತಿನಲ್ಲೇ ಸಣ್ಣ ಕುಳಿಗಳು ಆಗಿದ್ದರೆ, ಸುಮಾರು 50 ಕೋಟಿ ಟನ್ನಿನವು ಈಗ ಸವೆದು ಮುಗಿಯುವ ಹಂತದಲ್ಲಿ ಗಾಮಾ ಕಿರಣ ಚೆಲ್ಲಿ ಸ್ಫೋಟ ಆಗಬೇಕು. ಹುಡುಕುತ್ತಿದ್ದಾರೆ, ಸಿಕ್ಕಿಲ್ಲ.

ಕಪ್ಪುಕುಳಿ ಮಾತು ಬಂದಾಗ ನಮ್ಮ ಸಿ. ವಿ. ವಿಶ್ವೇಶ್ವರ ಅವರನ್ನು ನೆನೆಯದೆ ಹೋದರೆ ಸರಿಯಲ್ಲ, ಇದು ವಿಷಯಕ್ಕೆ ಸ್ವಲ್ಪ ಆಚೆ. ಕುಳಿಯನ್ನು ಅಲುಗಿಸಿದರೆ ಗಂಟೆಯ ಹಾಗೆ ಮೊಳಗಿ ಸುಮ್ಮನಾಗುತ್ತದೆ ಅಂತ 1970ರಲ್ಲೇ ಲೆಕ್ಕ ಮಾಡಿ ತೋರಿಸಿದವರು, ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. 2015ರಲ್ಲಿ ಗುರುತ್ವದ ಅಲೆ ಮೊದಲು ಸಿಕ್ಕಾಗ ಅದರ ಕೊನೆಯಲ್ಲಿದ್ದ ಮೊಳಗು ಆ ಲೆಕ್ಕದ ಥರವೇ ಇತ್ತು. ಮೇಷ್ಟ್ರೇ, ಮಕ್ಕಳಿಗೆ ಈ ಹೆಸರನ್ನೂ ಹೇಳಿ.

ಬಳ್ಳಾರಿ ಬಿಸಿಲು

ಸೋತೆ ಅಕ್ಕಾ. ಮೊದಲ ಕಾಮೆಂಟು ಅಳಿಸುತ್ತಿಲ್ಲ, ನನ್ನ ಹಾಗೇ ತಿಳಿದುಕೊಂಡವರು ಓದಲಿ. ಕೊನೆಯದೊಂದು: ಕುಳಿ ಬೆಳಕು ಬಿಡುತ್ತದೆ ಅಂದರೆ ಈಗ ಆಕಾಶದಲ್ಲಿರುವ ಕುಳಿಗಳೆಲ್ಲಾ ಸಣ್ಣದಾಗುತ್ತಿವೆ ಅಂತಲೇ ಅಲ್ವಾ?

ಎಡದಂಡೆ

ಅಲ್ಲ. ಆಕಾಶವೇ 2.7 ಕೆಲ್ವಿನ್ ಬೆಚ್ಚಗಿದೆ, ಮಹಾಸ್ಫೋಟದ ಕಾಲದಿಂದ ಉಳಿದ ಬೆಳಕಿನಿಂದ. ನಕ್ಷತ್ರದಿಂದಾದ ಕುಳಿ ಅದಕ್ಕಿಂತ ಎಷ್ಟೋ ತಂಪು. ತಂಪಾದ ವಸ್ತು ಬಿಸಿಯ ನಡುವೆ ಇದ್ದರೆ ಏನಾಗುತ್ತದೆ? ಮೇ ತಿಂಗಳಲ್ಲಿ ಹೊರಗಿಟ್ಟ ಮಜ್ಜಿಗೆಗೆ ಆಗುವುದೇ. ಬಿಡುವುದಕ್ಕಿಂತ ಜಾಸ್ತಿ ತಗೊಳ್ಳುತ್ತದೆ. ಬೇರೇನೂ ನುಂಗದೆ ಸುಮ್ನೆ ಇದ್ದರೂ ಅವು ಈಗ ದಪ್ಪವೇ ಆಗುತ್ತಿವೆ.

ಮುನಿರಾಬಾದ್ ಮೇಷ್ಟ್ರು

ಸೋಮವಾರ ಸಂಜೆ ಬರೆಯುತ್ತಿದ್ದೇನೆ. ಹೋಗಿ ಮೊದಲು ಶನಿವಾರದ ಚಿತ್ರ ಅಷ್ಟು ಸರಿಯಲ್ಲ ಅಂದೆ, ಕೊಡದ ಮಾತು ಹೇಳಿದೆ, ದಶಕದ ಮಾತು ಹೇಳಿದೆ. ಹಿಗ್ಗುವ ಅಲೆಯಲ್ಲಿ ನಾನೇ ಎರಡು ಸಲ ಮುಗ್ಗರಿಸಿದೆ, ಮಕ್ಕಳು ಸುಮ್ಮನೆ ಕೂತು ಕೇಳಿದರು. ದೊಡ್ಡದು ತಂಪು, ಸಣ್ಣದು ಬಿಸಿ, ತೂಕ ಎಷ್ಟು ಪಟ್ಟು ಕಡಿಮೆಯೋ ಬಿಸಿ ಅಷ್ಟು ಪಟ್ಟು ಜಾಸ್ತಿ ಅಂದ ಕೂಡಲೇ ಆ ಹುಡುಗಿ ಕೈ ಎತ್ತಿದಳು. ಚಂದ್ರನಷ್ಟು ತೂಕದ ಕುಳಿ ಆದರೆ ಸಣ್ಣದಾಗುತ್ತಾ, ದೊಡ್ಡದಾಗುತ್ತಾ ಅಂತ. ನೀನೇ ಹೇಳು ಅಂದೆ. ಸೂರ್ಯ ಚಂದ್ರನ 2.7 ಕೋಟಿ ಪಟ್ಟು ಭಾರ ಅಂತ ನಾನು ಕೊಟ್ಟೆ, ಉಳಿದದ್ದು ಅವಳದು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಚಿ, ಸುಮಾರು 1.7 ಕೆಲ್ವಿನ್ ಬಂತು ಸರ್, ಆಕಾಶ 2.7, ಅಂದ್ರೆ ಇದೂ ದೊಡ್ಡದಾಗುತ್ತೆ, ಆದ್ರೆ ಸ್ವಲ್ಪದರಲ್ಲಿ ತಪ್ಪಿತು ಅಂದಳು. ಸರಿಯಿದೆಯಾ ಮೇಡಂ?

ಎಡದಂಡೆ

ಸರಿಯಿದೆ. ಗಸಗಸೆ ಕಾಳಿಗಿಂತ ಚಿಕ್ಕದಾದ ಕುಳಿ ಅದು. ಚಂದ್ರನ ತೂಕದ ಸುಮಾರು ಅರವತ್ತು ಪರ್ಸೆಂಟಿಗೆ ಇಳಿಸಿದರೆ ಆಕಾಶಕ್ಕೆ ಸಮ ಆಗುತ್ತದೆ, ಅದಕ್ಕಿಂತ ಹಗುರ ಆದರೆ ಸವೆಯಲು ಶುರು. ಆ ಗಡಿಯ ತೂಕ ಎಷ್ಟು ಕಿಲೋ ಅಂತ ನಾಳೆ ಅವಳೇ ತೆಗೆಯಲಿ, ನೀವು ಹೇಳಿಬಿಡಬೇಡಿ.